ಕೂಗಿನಿಂದ ಕೇಳುಗನತ್ತ: ಡೊರೊತಿ ಚೆನಿಯವರ ಸಂಶೋಧನೆಯ ಒಂದು ವಿಮರ್ಶೆ

ಭಾಷೆಯ ಉಗಮವನ್ನು ಚರ್ಚಿಸುವ ಪಠ್ಯಗಳಲ್ಲಿ ವರ್ವೆಟ್ ಕೋತಿಗಳ ಎಚ್ಚರಿಕೆಯ ಕೂಗುಗಳು ತಪ್ಪದೆ ಬರುವ ನಿದರ್ಶನ. ಚಿರತೆಗೊಂದು, ಹದ್ದಿಗೊಂದು, ಹಾವಿಗೊಂದು ಕೂಗು. ಇವು ಪದಗಳ ಪೂರ್ವರೂಪವೇ ಎಂಬ ಪ್ರಶ್ನೆಯೊಂದಿಗೆ ಚರ್ಚೆ ಮುಗಿಯುವುದುಂಟು. ಈ ನಿದರ್ಶನಕ್ಕೆ ಖ್ಯಾತಿ ತಂದ ಡೊರೊತಿ ಚೆನಿ (1950–2018) ಅವರ ಸಂಶೋಧನೆ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ಪತಿ ಹಾಗೂ ಸಹಸಂಶೋಧಕ ರಾಬರ್ಟ್ ಸೈಫಾರ್ತ್ ಅವರೊಂದಿಗೆ ದಶಕಗಳ ಕಾಲ ನಡೆಸಿದ ಕಾರ್ಯವನ್ನು ಇಡಿಯಾಗಿ ಓದಿದರೆ, ಅದು 'ಕೋತಿಯ ಪದ' ಎಂಬ ಕಲ್ಪನೆಯನ್ನು ಬಲಪಡಿಸುವುದಕ್ಕಿಂತ ಸಡಿಲಗೊಳಿಸುತ್ತದೆ ಎಂಬುದು ನಮ್ಮ ವಾದ.

ಈ ಕೂಗುಗಳನ್ನು 1967ರಲ್ಲಿ ಥಾಮಸ್ ಸ್ಟ್ರುಸೇಕರ್ ವರ್ಣಿಸಿದ್ದರು. ಪೀಟರ್ ಮಾರ್ಲರ್ ಅವರೊಡಗೂಡಿ ಸೈಫಾರ್ತ್ ಮತ್ತು ಚೆನಿ ಕೀನ್ಯಾದ ಅಂಬೋಸೆಲಿಯಲ್ಲಿ ಅವನ್ನು ಪ್ರಯೋಗಕ್ಕೆ ಒಳಪಡಿಸಿದರು. ಫಲಿತಾಂಶ 1980ರಲ್ಲಿ ಪ್ರಕಟವಾಯಿತು. ಬೇಟೆಪ್ರಾಣಿ ಇಲ್ಲದಿರುವಾಗ ಮುದ್ರಿತ ಕೂಗನ್ನಷ್ಟೇ ಕೇಳಿಸಿದರೂ, ಚಿರತೆಯ ಕೂಗಿಗೆ ಕೋತಿಗಳು ಮರವೇರಿದವು, ಹದ್ದಿನ ಕೂಗಿಗೆ ಮೇಲೆ ನೋಡಿದವು, ಹಾವಿನ ಕೂಗಿಗೆ ನೆಲವನ್ನು ದಿಟ್ಟಿಸಿದವು. ಕೂಗು ಕೇವಲ ಭಾವೋದ್ರೇಕದ ಹೊರಸೂಸುವಿಕೆ ಎಂಬ ನಿಲುವು ಇದರಿಂದ ದುರ್ಬಲವಾಯಿತು. ಆದರೆ ಈ ಪ್ರಯೋಗ ಅಳೆದದ್ದು ಕೇಳುಗನ ವರ್ತನೆಯನ್ನು. ಕೂಗಿದ ಕೋತಿಯ ಉದ್ದೇಶವನ್ನಲ್ಲ. ಪಠ್ಯಗಳು ಮರೆಯುವ ಈ ಅಂತರವನ್ನು ಚೆನಿ ಮರೆಯಲಿಲ್ಲ. ಮಕಾಕ್ ತಾಯಂದಿರ ಮೇಲೆ ಅವರಿಬ್ಬರು ನಡೆಸಿ 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಪಾಯದ ಅರಿವಿಲ್ಲದ ಮರಿಗೆ ಅದನ್ನು ತಿಳಿಸಲು ತಾಯಿ ವಿಶೇಷವಾಗಿ ಕೂಗಲಿಲ್ಲ. ಕೇಳುಗನಿಗೆ ಮಾಹಿತಿ ದೊರೆಯುತ್ತದೆ; ಮಾಹಿತಿ ನೀಡುವ ಇರಾದೆ ಕೂಗುವವನಲ್ಲಿ ಇರಲೇಬೇಕೆಂದಿಲ್ಲ. ಅವರು ಸಹಲೇಖಕರಾಗಿದ್ದ 2015ರ ಮರುವಿಶ್ಲೇಷಣೆಯು, ಇಂಥವೇ ಕೂಗುಗಳು ಜಗಳದ ಸಂದರ್ಭದಲ್ಲಿಯೂ ಹೊಮ್ಮುತ್ತವೆಂದು ತೋರಿಸಿ, ಕೂಗು–ವಸ್ತುಗಳ ನೇರ ನಂಟನ್ನು ಮತ್ತಷ್ಟು ಸಡಿಲಿಸಿತು.

ಬೋಟ್ಸ್‌ವಾನಾದ ಮೊರೆಮಿಯಲ್ಲಿ 1992ರಿಂದ ಬಬೂನ್‌ಗಳನ್ನು ಕುರಿತು ನಡೆದ ಅಧ್ಯಯನ ಕೇಳುಗನನ್ನೇ ಕೇಂದ್ರಕ್ಕೆ ತಂದಿತು. ಕೆಳಸ್ಥಾನದ ಹೆಣ್ಣಿನ ಬೆದರಿಕೆಯ ಗುರುಗುಟ್ಟು, ಮೇಲ್‌ಸ್ಥಾನದ ಹೆಣ್ಣಿನ ಚೀತ್ಕಾರ ಇವೆರಡನ್ನೂ ಜೋಡಿಸಿ ಕೇಳಿಸಿದಾಗ ಬಬೂನ್‌ಗಳು ಹೆಚ್ಚು ಹೊತ್ತು ಧ್ವನಿವರ್ಧಕದತ್ತ ನೋಡಿದವು. 2003ರಲ್ಲಿ ಪ್ರಕಟವಾದ ಪ್ರಯೋಗದ ಪ್ರಕಾರ, ಈ ಏರುಪೇರು ಒಂದೇ ಕುಟುಂಬದೊಳಗಿನದಾಗಿರುವುದಕ್ಕಿಂತ ಎರಡು ಕುಟುಂಬಗಳ ನಡುವಿನದಾದಾಗ ಪ್ರತಿಕ್ರಿಯೆ ತೀವ್ರ. ಅಂದರೆ ಅವು ತಮ್ಮ ಸಂಗಾತಿಗಳನ್ನು ರಕ್ತಸಂಬಂಧ ಮತ್ತು ಶ್ರೇಣಿ ಎರಡರಿಂದಲೂ ಏಕಕಾಲಕ್ಕೆ ವರ್ಗೀಕರಿಸುತ್ತವೆ.

'ಬಬೂನ್ ಮೆಟಫಿಸಿಕ್ಸ್' (2007) ಕೃತಿಯಲ್ಲಿ ಚೆನಿ–ಸೈಫಾರ್ತ್ ಈ ಜ್ಞಾನವನ್ನು ಶ್ರೇಣೀಬದ್ಧ, ನಿಯಮಬದ್ಧ ಎಂದು ಗುರುತಿಸಿ, ಭಾಷೆಯ ಪೂರ್ವಸಿದ್ಧತೆಯನ್ನು ಇಲ್ಲಿ ಕಾಣುತ್ತಾರೆ. 'ಯಾರು ಯಾರಿಗೆ ಏನು ಮಾಡಿದರು' ಎಂಬುದನ್ನು ಬಬೂನ್ ಗ್ರಹಿಸುತ್ತದೆ ಎಂಬುದನ್ನು ನಾವು ಒಪ್ಪುತ್ತೇವೆ. ಇದು ವಾಕ್ಯರಚನೆಗೆ ಎಷ್ಟು ಸಮೀಪ ಎಂಬಲ್ಲಿ ನಮ್ಮ ಭಿನ್ನಾಭಿಪ್ರಾಯವಿದೆ. ಕನ್ನಡದಲ್ಲಿ 'ನಾಯಿ ಬೆಕ್ಕನ್ನು ಅಟ್ಟಿತು' ಎಂದರೂ 'ಬೆಕ್ಕನ್ನು ನಾಯಿ ಅಟ್ಟಿತು' ಎಂದರೂ ಕರ್ತೃ–ಕರ್ಮಗಳು ಬದಲಾಗವು. ದ್ವಿತೀಯಾ ವಿಭಕ್ತಿ ಪಾತ್ರವನ್ನು ನಿಗದಿಗೊಳಿಸುತ್ತದೆ. ಇಲ್ಲಿ ನಾಯಿಯೂ ಮಾತಾಡುತ್ತಿಲ್ಲ, ಬೆಕ್ಕೂ ಮಾತಾಡುತ್ತಿಲ್ಲ. ಮೂರನೆಯವನೊಬ್ಬ ಇಬ್ಬರ ಪಾತ್ರಗಳನ್ನೂ ಗುರುತಿಸಿ ಹೇಳುತ್ತಿದ್ದಾನೆ. ಮೊರೆಮಿಯ ಪ್ರಯೋಗದಲ್ಲಾದರೋ ಬೆದರಿಸಿದವಳೂ ಬೆದರಿದವಳೂ ತಂತಮ್ಮ ಪಾತ್ರವನ್ನು ತಾವೇ ಕೂಗಿ ತೋರುತ್ತಾರೆ. ಕೇಳುಗ ಗ್ರಹಿಸುವುದು ಒಂದು ಘಟನೆಯನ್ನು, ಒಬ್ಬರ ಉಕ್ತಿಯನ್ನಲ್ಲ. ಘಟನೆಗೆ ರಚನೆಯಿದೆ ಎಂದಮಾತ್ರಕ್ಕೆ ಸಂಕೇತಕ್ಕೂ ಆ ರಚನೆ ಇದೆ ಎನ್ನಲಾಗದು.

ಈ ಆಕ್ಷೇಪ ಚೆನಿಯವರ ಸಾಧನೆಯನ್ನು ಕುಗ್ಗಿಸುವುದಿಲ್ಲ. ಅದರ ತೂಕ ಎಲ್ಲಿದೆ ಎಂಬುದನ್ನು ತೋರುತ್ತದೆ. ಗ್ರಹಿಕೆ ಸಮೃದ್ಧ, ಉತ್ಪಾದನೆ ಸೀಮಿತ ಎಂಬ ಅಸಮತೆಯೇ ಅವರ ವೃತ್ತಿಜೀವನದ ಮುಖ್ಯ ಶೋಧ. ಹಾಗಾದರೆ ವಿವರಣೆ ಬೇಡುವ ಪ್ರಶ್ನೆ, ಕೂಗು ಪದವಾದದ್ದು ಹೇಗೆ ಎಂಬುದಕ್ಕಿಂತ, ತಿಳಿದದ್ದನ್ನು ಇನ್ನೊಬ್ಬರಿಗೆ ಹೇಳಬೇಕೆಂಬ ಪ್ರೇರಣೆ ಮನುಷ್ಯನಲ್ಲಿ ಹುಟ್ಟಿದ್ದು ಹೇಗೆ ಎಂಬುದು. ಅಂಬೋಸೆಲಿಯನ್ನಷ್ಟೇ ಬೋಧಿಸಿ ಮೊರೆಮಿಯನ್ನು ಬಿಡುವ ಪಠ್ಯಕ್ರಮವು ವಿದ್ಯಾರ್ಥಿಗೆ ಈ ಪ್ರಶ್ನೆಯನ್ನೇ ತಲುಪಿಸುವುದಿಲ್ಲ.