ಕಾಡಿನ ಜಾತಿ, ಕೇರಿಯ ಜಾತಿ

ಕನ್ನಡದಲ್ಲಿ ‘ಜಾತಿ’ ಎಂಬ ಮಾತಿಗೆ ಎರಡು ಮನೆ. ಕಾಡಿಗೆ ಹೋದಾಗ ‘ಇದು ಯಾವ ಜಾತಿ ಮರ?’ ಅಂತೀವಿ. ಹೊನ್ನೆ ಅಂತಲೋ ಮತ್ತಿ ಅಂತಲೋ ಉತ್ತರ ಬರುತ್ತದೆ. ಕೇಳಿದವನಿಗೂ ನೋವಿಲ್ಲ, ಮರಕ್ಕೂ ನೋವಿಲ್ಲ. ಪಟ್ಟಣದಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ಮನೆಯ ಯಜಮಾನ ಅದೇ ಮಾತು ಬಳಸಿ ‘ಯಾವ ಜಾತಿ?’ ಅಂತಾನೆ. ಆಗ ನಮ್ಮ ಬಾಯಿ ಒಣಗುತ್ತದೆ. ಜೀವಶಾಸ್ತ್ರದ ಪಾಠ ಬರೆದವರು ಕಾಡಿನ ಜಾತಿಗೆ ‘ಪ್ರಭೇದ’ ಎಂಬ ಬೇರೆ ಮಾತು ತಂದರು, ಒಳ್ಳೆಯದೇ ಆಯಿತು. ಆದರೆ ಹಳ್ಳಿಯ ಮೇಷ್ಟ್ರು ತರಗತಿಯಲ್ಲಿ ‘ಪ್ರಭೇದ ಅಂದ್ರೆ ಜಾತಿ ಕಣ್ರೋ’ ಅನ್ನದೆ ಮುಂದಕ್ಕೆ ಹೋಗುವ ಹಾಗಿಲ್ಲ. ಕೇರಿಯಿಂದ ಬಂದ ಹುಡುಗ ಆಗ ಏನು ತಿಳಿದುಕೊಂಡ?

ಈ ಎರಡು ಮನೆಗಳ ನಡುವಿನ ಗೋಡೆ ಕೆಡವಿ ಒಂದೇ ಮಾಡುವ ಕೆಲಸ ಬರೀ ಬಾಯಿಮಾತಿನಲ್ಲಿ ನಡೆದಿಲ್ಲ, ವಿದ್ವತ್ತಿನಲ್ಲೂ ನಡೆದಿದೆ. 1983ರಲ್ಲಿ ಮಾಧವ ಗಾಡ್ಗೀಳ್ ಮತ್ತು ಕೈಲಾಶ್ ಮಲ್ಹೋತ್ರಾ ಭಾರತದ ಜಾತಿಪದ್ಧತಿಯನ್ನು ಪರಿಸರ ವಿಜ್ಞಾನದ ಕಣ್ಣಿನಿಂದ ನೋಡುವ ಪ್ರಬಂಧವೊಂದನ್ನು ಪ್ರಕಟಿಸಿದರು. ಆ ವಾದ 1992ರಲ್ಲಿ ಗಾಡ್ಗೀಳ್ ಮತ್ತು ರಾಮಚಂದ್ರ ಗುಹಾ ಸೇರಿ ಬರೆದ ‘ದಿಸ್ ಫಿಶರ್ಡ್ ಲ್ಯಾಂಡ್’ ಪುಸ್ತಕದಲ್ಲಿ ಇನ್ನೂ ವಿಸ್ತಾರವಾಗಿ ಬಂತು. ವಾದ ಇಷ್ಟು: ತನ್ನೊಳಗೇ ಮದುವೆ ಮಾಡಿಕೊಳ್ಳುವ ಒಂದೊಂದು ಜಾತಿಯೂ ಕಾಡಿನ ಒಂದೊಂದು ಪ್ರಭೇದದ ಹಾಗೆ. ಪ್ರಭೇದಗಳು ಮೇವು, ನೆಲೆ ಹಂಚಿಕೊಂಡು ಒಂದೇ ಕಾಡಿನಲ್ಲಿ ಬದುಕುವಂತೆ ಜಾತಿಗಳೂ ಕಸುಬು ಹಂಚಿಕೊಂಡವು. ಒಂದು ಸಂಪತ್ತು ಒಂದೇ ಜಾತಿಯ ಕೈಯಲ್ಲಿದ್ದರೆ ಅದನ್ನು ಹಾಳುಮಾಡದೆ ಹಿತಮಿತವಾಗಿ ಬಳಸುತ್ತಾರೆ. ಹೀಗಾಗಿ ಕಾಡು, ಕೆರೆ, ಪ್ರಾಣಿ ಉಳಿದವು.

ನಾವು ಈ ಪುಸ್ತಕವನ್ನು ಹಗುರವಾಗಿ ತಳ್ಳಿಹಾಕುವವರಲ್ಲ. ಕಾಡು ಹಾಳಾದದ್ದು ಬಡವನ ಕೊಡಲಿಯಿಂದ ಎಂದು ಅರಣ್ಯ ಇಲಾಖೆ ಹೇಳಿಕೊಂಡು ಬಂದ ಸುಳ್ಳನ್ನು ಅದು ದಾಖಲೆ ಇಟ್ಟು ಬಯಲು ಮಾಡಿದೆ. 1878ರ ಅರಣ್ಯ ಕಾಯಿದೆ ಹಳ್ಳಿಯವರಿಂದ ಕಾಡನ್ನು ಹೇಗೆ ಕಿತ್ತುಕೊಂಡಿತು ಎಂಬುದನ್ನು ತೋರಿಸಿದೆ. ಜಾತಿಯಲ್ಲಿ ಮೇಲುಕೀಳು ಇತ್ತು ಎಂಬುದನ್ನು ಲೇಖಕರು ಮುಚ್ಚಿಟ್ಟಿಲ್ಲ ಕೂಡ. ನಮ್ಮ ಜಗಳ ಆ ಹೋಲಿಕೆಯ ಜೊತೆಗೆ. ವೇದಿಕೆ ಹತ್ತಿ ‘ನಮ್ಮ ವರ್ಣಾಶ್ರಮ ಪರಿಸರಸ್ನೇಹಿ’ ಎಂದು ಎದೆಯುಬ್ಬಿಸಿ ಹೇಳುವವರು ಇದ್ದಾರೆ. ಅವರಾರೂ ಈ ಪುಸ್ತಕ ಓದಿರಲಿಕ್ಕಿಲ್ಲ. ಆದರೆ ಅವರಿಗೆ ಬೇಕಾದ ಪೀಠವನ್ನು ಈ ಹೋಲಿಕೆ ಮಾಡಿಕೊಟ್ಟಿದೆ. ಹೋಲಿಕೆ ನಿಲ್ಲುತ್ತದೆಯೇ ಎಂದು ನೋಡಬೇಕಾದರೆ ಕಾಡಿನ ಜಾತಿ ಹುಟ್ಟುವ ಬಗೆಯನ್ನೇ ಮೊದಲು ಕೇಳಬೇಕು.

ಬಾಬಾಬುಡನ್‌ಗಿರಿಯಿಂದ ನೀಲಗಿರಿವರೆಗಿನ ಎತ್ತರದ ಶೋಲಾ ಕಾಡುಗಳಲ್ಲಿ ಒಂದು ನೀಲಿ ಹಕ್ಕಿ ಇದೆ, ಹೊಟ್ಟೆ ಕೆಂಗಂದು. ಪಾಲಕ್ಕಾಡ್ ಕಂಡಿ ದಾಟಿ ಪಳನಿ ಬೆಟ್ಟದ ಕಡೆ ಹೋದರೆ ಅದರ ದಾಯಾದಿ ಸಿಗುತ್ತದೆ, ಹೊಟ್ಟೆ ಬಿಳಿ. ಎರಡೂ ಒಂದೇ ಮೂಲದವು. ಬೆಟ್ಟದ ತಲೆಯ ತಂಪು ಬಿಟ್ಟು ಬಿಸಿಲ ಬಯಲಿಗೆ ಇಳಿಯದ ಹಕ್ಕಿಗಳಿವು. ನಡುವಿನ ಆ ತಗ್ಗನ್ನು ದಾಟಲಾಗದೆ ಲಕ್ಷಾಂತರ ವರ್ಷ ಬೇರೆಬೇರೆಯಾಗಿ ಕೂಡುತ್ತಾ ಬಂದು ಬೇರೆ ಜಾತಿಯೇ ಆದವು. 2017ರಲ್ಲಿ ವಿಜ್ಞಾನಿಗಳು ಇವಕ್ಕೆ ಶೋಲಾ ಕಾಡಿನ ಹೆಸರನ್ನೇ ಸೇರಿಸಿ ‘ಶೋಲಿಕೋಲ’ ಎಂಬ ಹೊಸ ಕುಲನಾಮ ಕೊಟ್ಟರು. ಇಲ್ಲಿ ಗಮನಿಸಬೇಕಾದ್ದು, ಈ ಹಕ್ಕಿಗಳನ್ನು ಬೇರೆ ಮಾಡಿದ್ದು ಒಂದು ತಗ್ಗು. ಕಂಡಿಯ ಬಾಯಲ್ಲಿ ಕೋಲು ಹಿಡಿದು ಯಾರೂ ನಿಂತಿರಲಿಲ್ಲ.

ಊರಿಗೂ ಕೇರಿಗೂ ನಡುವೆ ಯಾವ ಕಂಡಿ ಇದೆ? ಒಂದು ಓಣಿ, ಹೆಚ್ಚೆಂದರೆ ಒಂದು ಹಳ್ಳ. ಎಂಟು ವರ್ಷದ ಮಗು ದಾಟುತ್ತದೆ. ಹಾಗೆ ದಾಟಿದವರನ್ನು ತಡೆಯಲು ಕೋಲು, ಕೊಡಲಿ, ಪಂಚಾಯ್ತಿ, ಬಹಿಷ್ಕಾರ ಎಲ್ಲ ಬೇಕಾಯಿತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದಾಗ ಅವರ ತಂದೆಯರಿಗೆ ಎಳೆಹೂಟೆ ಶಿಕ್ಷೆಯಾಯಿತು ಎಂದು ನಮ್ಮ ಜನ ಇವತ್ತಿಗೂ ನೆನೆಯುತ್ತಾರೆ. ಕೂಡಲಾಗದವರನ್ನು ಕೂಡಬೇಡಿ ಎಂದು ಯಾರೂ ಎಳೆಹೂಟೆ ಕಟ್ಟುವುದಿಲ್ಲ. ಆನೆಗೂ ಕುದುರೆಗೂ ಮದುವೆ ನಿಷೇಧ ಎಂಬ ಶಾಸ್ತ್ರ ಎಲ್ಲಾದರೂ ಉಂಟೇ?

ಈ ಮಾತನ್ನು ಬಾಬಾಸಾಹೇಬರು 1936ರಲ್ಲೇ ಇತ್ಯರ್ಥ ಮಾಡಿದ್ದರು. ಲಾಹೋರಿನಲ್ಲಿ ಮಾಡಬೇಕಾಗಿದ್ದ, ಆದರೆ ಸಂಘಟಕರು ಹಿಂಜರಿದದ್ದರಿಂದ ಮಾಡಲಾಗದೆ ಅಚ್ಚಿನಲ್ಲಿ ಬಂದ ‘ಜಾತಿ ವಿನಾಶ’ ಭಾಷಣದಲ್ಲಿ ಅವರು ಜೀವಶಾಸ್ತ್ರದ ಲೆಕ್ಕವನ್ನೇ ಮುಂದಿಡುತ್ತಾರೆ. ಮನುಷ್ಯನೂ ಪ್ರಾಣಿಯೂ ಬೇರೆ ಪ್ರಭೇದ, ಸರಿ. ಆದರೆ ರಕ್ತಶುದ್ಧಿ ಎಂದು ಕೂಗುವ ವಿಜ್ಞಾನಿಗಳು ಕೂಡ ಮನುಷ್ಯರೊಳಗೆ ಬೇರೆಬೇರೆ ಪ್ರಭೇದ ಇದೆ ಅನ್ನುವುದಿಲ್ಲ. ಕೂಡಿದರೆ ಮಕ್ಕಳಾಗುತ್ತವೆ, ಆ ಮಕ್ಕಳಿಗೂ ಮಕ್ಕಳಾಗುತ್ತವೆ. ಎಲ್ಲರೂ ಒಂದೇ. ಇದಕ್ಕೂ 20 ವರ್ಷ ಮೊದಲು, 1916ರಲ್ಲಿ, ಕೊಲಂಬಿಯಾದಲ್ಲಿ ಓದುತ್ತಿದ್ದ ಹುಡುಗ ಭೀಮರಾವ್ ಜಾತಿಯ ಬೇರು ಒಳಮದುವೆ ಎಂದು ಗುರುತಿಸಿದ್ದ. ಆ ಬೇಲಿ ಬೀಳದಂತೆ ಕಾಯಲು ಸತಿ, ವಿಧವೆಯ ತಲೆ ಬೋಳಿಸಿ ಮೂಲೆಗೆ ಕೂರಿಸುವುದು, ಹಾಲುಗಲ್ಲದ ಹುಡುಗಿಗೆ ತಾಳಿ, ಇವೆಲ್ಲ ಹುಟ್ಟಿದವು ಎಂದು ತೋರಿಸಿದ್ದ. ಹಕ್ಕಿಗೆ ಕಂಡಿ ಮಾಡಿದ ಕೆಲಸವನ್ನು ಇಲ್ಲಿ ಹೆಣ್ಣಿನ ಮೈಮೇಲೆ ಮಾಡಿಸಿದ್ದಾರೆ. 1983ರ ಪ್ರಬಂಧ ಒಳಮದುವೆಯನ್ನು ಒಂದು ಸಂಗತಿ ಎಂದು ಎತ್ತಿಕೊಂಡು ಮುಂದೆ ಹೋಗುತ್ತದೆ. ಭೀಮರಾವ್ ಅದರ ಖರ್ಚು ಯಾರು ಕೊಟ್ಟರು ಎಂದು ಕೇಳಿದ್ದರು.

ಅಷ್ಟೂ ಕಾವಲಿದ್ದರೂ ಬೇಲಿ ಶಾಶ್ವತವಾಗಿತ್ತೇ ಎಂದರೆ ಅದೂ ಇಲ್ಲ. ಈ ದೇಶದ ಜನ ಸುಮಾರು 4200ರಿಂದ 1900 ವರ್ಷಗಳ ಹಿಂದಿನವರೆಗೆ ಧಾರಾಳವಾಗಿ ಬೆರೆತರು, ಆಮೇಲೆ ಒಳಮದುವೆಯ ಬಾಗಿಲು ಬಿತ್ತು ಎಂದು 2013ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ಹೇಳಿದೆ. ಬಾಗಿಲು ಬೀಳುವ ಮೊದಲೇ ಎಲ್ಲರ ಮೈಯಲ್ಲೂ ಎಲ್ಲರೂ ಇದ್ದರು.

ಇನ್ನು ಕಸುಬಿನ ಹಂಚಿಕೆ. ಪರಿಸರ ವಿಜ್ಞಾನದಲ್ಲಿ ‘ನೀಶ್’ ಅಂತ ಒಂದು ಮಾತಿದೆ. ಗೋಡೆಯಲ್ಲಿ ದೀಪ ಇಡೋ ಗೂಡಿಗೂ ಅದೇ ಹೆಸರು. ನಮ್ಮೂರ ಕೆರೆ ದಂಡೆಯಲ್ಲಿ ಒಂದು ಗಳಿಗೆ ಕೂತರೆ ಸಾಕು, ಮೇಷ್ಟ್ರು ಇದನ್ನು ಕರಿಹಲಗೆ ಇಲ್ಲದೆ ಕಲಿಸಬಹುದು. ಮಿಂಚುಳ್ಳಿ ಕೊಂಬೆಯಿಂದ ಬಾಣದ ಹಾಗೆ ಬೀಳುತ್ತದೆ. ಕೊಕ್ಕರೆ ಮೊಣಕಾಲುದ್ದ ನೀರಿನಲ್ಲಿ ಕಲ್ಲಾಗಿ ನಿಲ್ಲುತ್ತದೆ. ನೀರುಕಾಗೆ ಮುಳುಗಿ ಅಟ್ಟಿಸಿಕೊಂಡು ಹೋಗುತ್ತದೆ. ಮೀನು ಒಂದೇ, ಹಿಡಿಯುವ ದಾರಿ ಬೇರೆ, ಅದಕ್ಕೇ ಮೂರೂ ಒಂದೇ ಕೆರೆಯಲ್ಲಿ ಬದುಕುತ್ತವೆ. ಅಮೆರಿಕದ ಮ್ಯಾಕ್‌ಆರ್ಥರ್ 1958ರಲ್ಲಿ ಒಂದೇ ಬಗೆಯ ಮರದಲ್ಲಿ ಐದು ಜಾತಿಯ ಪುಟ್ಟ ಹಕ್ಕಿಗಳು ತುದಿ, ನಡು, ಬುಡ ಅಂತ ಹಂಚಿಕೊಂಡು ಹುಳ ಹೆಕ್ಕುವುದನ್ನು ತೋರಿಸಿ ಹೆಸರಾದ.

ಗಾಡ್ಗೀಳ್ ಮತ್ತು ಮಲ್ಹೋತ್ರಾ ಇದೇ ಹಂಚಿಕೆಯನ್ನು ಮಹಾರಾಷ್ಟ್ರದ ಫಲ್ಟಣ ಸೀಮೆಯ ಅಲೆಮಾರಿಗಳಲ್ಲಿ ಕಂಡರು. ನಂದಿವಾಲರು ನಾಯಿ ಬಿಟ್ಟು ಹಂದಿ, ಉಡ ಹಿಡಿಯುತ್ತಿದ್ದರು. ಫಾಸೆಪಾರ್ಧಿಗಳು ಉರುಳು ಒಡ್ಡಿ ಚಿಗರೆ, ಹಕ್ಕಿ ಹಿಡಿಯುತ್ತಿದ್ದರು. ವೈದುಗಳು ಮುಂಗುಸಿ, ಪುನುಗು, ಆಮೆ, ಏಡಿ. ಒಬ್ಬರ ಬೇಟೆಗೆ ಇನ್ನೊಬ್ಬರು ಕೈ ಹಾಕುವುದು ಕಡಿಮೆ. ನೋಡಿದ್ದು ನಿಜ ಇರಬಹುದು, ನಾವು ಅಲ್ಲಗಳೆಯುವುದಿಲ್ಲ. ಆದರೆ ಈ ಫಾಸೆಪಾರ್ಧಿಗಳನ್ನೇ ಬ್ರಿಟಿಷ್ ಸರ್ಕಾರ ಹುಟ್ಟಿನಿಂದಲೇ ಕಳ್ಳರು ಎಂದು ಅಪರಾಧಿ ಬುಡಕಟ್ಟುಗಳ ಪಟ್ಟಿಗೆ ಸೇರಿಸಿತ್ತು. 1952ರಲ್ಲಿ ಪಟ್ಟಿ ರದ್ದಾಯಿತು, ಪೊಲೀಸರ ಕಣ್ಣು ಮಾತ್ರ ಹೋಗಲಿಲ್ಲ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಅವರ ಬೇಟೆಯೇ ಅಪರಾಧವಾಯಿತು. ಉತ್ತರ ಕರ್ನಾಟಕದ ಹರಣಶಿಕಾರಿಗಳು ಇದೇ ಬಳಗದವರು. ಭೂಮಿ ಇದ್ದವರು ಭೂಮಿ ಹಂಚಿಕೊಂಡ ಮೇಲೆ ಉಳಿದ ಉಡ, ಇಲಿ, ಆಮೆಯನ್ನು ಭೂಮಿ ಇಲ್ಲದ ಮೂವರು ಹಂಚಿಕೊಂಡರು. ಅದನ್ನು ನೋಡಿ ಎಂಥ ಚೆಂದದ ಹೊಂದಾಣಿಕೆ ಅನ್ನುವುದಕ್ಕೆ ಮುಂಚೆ, ಪಾರ್ಧಿಗೆ ಒಂದೆಕರೆ ಹೊಲ ಯಾಕಿರಲಿಲ್ಲ ಎಂದು ಕೇಳಬೇಡವೇ?

ಉತ್ತರ ಕನ್ನಡದ ಅಡಿಕೆ ತೋಟದವರ ಸೊಪ್ಪಿನ ಬೆಟ್ಟ ನೋಡಿ. ಒಂದೆಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟದ ಸೊಪ್ಪಿನ ಹಕ್ಕು ಕಾಗದದ ಮೇಲೆ ಸಿಕ್ಕಿತ್ತು. ಆ ಗೂಡನ್ನು ಕೊರೆದದ್ದು ಕಂದಾಯದ ಕಡತ. ತೋಟ ಇಲ್ಲದವನಿಗೆ ಬೆಟ್ಟ ಇಲ್ಲ. ಮಿಂಚುಳ್ಳಿ ಯಾವ ಕಚೇರಿಗೆ ಅರ್ಜಿ ಹಾಕಿ ಕೊಂಬೆ ಪಡೆಯಿತು?

ಈ ಹೋಲಿಕೆ ಪೂರ್ತಿ ಮುರಿದುಬೀಳುವುದು ಸತ್ತ ದನದ ಹತ್ತಿರ. ರಣಹದ್ದು ಹೆಣ ತಿನ್ನುತ್ತದೆ. ಅದರ ತಲೆ ಕುತ್ತಿಗೆ ಬೋಳು, ಹೆಣದೊಳಗೆ ತೂರಿಸಿದರೂ ಕೊಳೆ ಅಂಟಿಕೊಳ್ಳುವುದಿಲ್ಲ. ಕೊಳೆತ ಮಾಂಸದ ರೋಗಾಣುಗಳನ್ನು ಸುಟ್ಟುಹಾಕುವ ಆಮ್ಲ ಅದರ ಹೊಟ್ಟೆಯಲ್ಲಿದೆ. ಲಕ್ಷಾಂತರ ವರ್ಷ ಆ ಮೈ ಆ ಕೆಲಸಕ್ಕಾಗಿ ರೂಪುಗೊಂಡಿದೆ. ಅದು ನಿಜವಾದ ಗೂಡು. ನಮ್ಮ ಅಜ್ಜಂದಿರು ಊರಿನ ಸತ್ತ ದನ ಹೊತ್ತರು, ಸುಲಿದರು, ಹಸಿದಾಗ ತಿಂದರು. ಅವರ ಹೊಟ್ಟೆಯಲ್ಲಿ ಯಾವ ಆಮ್ಲ ಇತ್ತು? ಊರಗೌಡನ ಹೊಟ್ಟೆಯಲ್ಲಿದ್ದ ಆಮ್ಲವೇ ಇತ್ತು. ತಿಂದು ವಾಂತಿಭೇದಿಯಾಗಿ ಸತ್ತವರೂ ಇದ್ದರು. ಊರ ಹೊರಗೆ ಇರಬೇಕು, ಸತ್ತವರ ಬಟ್ಟೆ ಉಡಬೇಕು, ನಾಯಿ ಕತ್ತೆಯೇ ಆಸ್ತಿ ಎಂದು ಮನುಸ್ಮೃತಿಯ ಹತ್ತನೆಯ ಅಧ್ಯಾಯ ಚಂಡಾಲರಿಗೆ ವಿಧಿಸಿದೆ. ರಣಹದ್ದಿಗೆ ಅಂಥ ಅಧ್ಯಾಯ ಬೇಕಾಗಲಿಲ್ಲ.

1927ರ ಮಾರ್ಚಿಯಲ್ಲಿ ಮಹಾಡದಲ್ಲಿ ಸೇರಿದ ಜನಕ್ಕೆ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಎಂದರು. ಮಾರ್ಚಿ 20ರಂದು ಚೌದಾರ್ ಕೆರೆಗೆ ಹೋಗಿ ನೀರು ಕುಡಿದರು. ಆ ಕೆರೆಯಲ್ಲಿ ದನ ಕುಡಿಯಬಹುದಿತ್ತು, ನಾಯಿ ಕುಡಿಯಬಹುದಿತ್ತು. ಬೇರೆ ಪ್ರಭೇದಕ್ಕೆ ತಡೆ ಇಲ್ಲ, ಸ್ವಂತ ಪ್ರಭೇದಕ್ಕೆ ತಡೆ. ಇಂಥ ಕೆರೆ ಯಾವ ಕಾಡಿನಲ್ಲಿದೆ ಎಂದು ಯಾವ ಪರಿಸರ ವಿಜ್ಞಾನಿಯಾದರೂ ತೋರಿಸಲಿ. ಆಮೇಲೆ ಊರವರು ಆ ಕೆರೆಗೆ ಸೆಗಣಿ, ಗಂಜಳ, ಹಾಲು, ಮೊಸರು, ತುಪ್ಪ ಸುರಿದು ‘ಶುದ್ಧಿ’ ಮಾಡಿದರು. ಹೋಲಿಕೆಯನ್ನು ಕೊನೆಯವರೆಗೂ ಎಳೆದರೆ, ಮಾಂಸ ಬಿಟ್ಟ ಮಹಾರರು ತಮ್ಮ ‘ಗೂಡು’ ಬಿಟ್ಟು ಪರಿಸರದ ಸಮತೋಲ ಕೆಡಿಸಿದರು ಅನ್ನಬೇಕಾಗುತ್ತದೆ! ಲೇಖಕರು ಅಷ್ಟು ದೂರ ಹೋಗುವುದಿಲ್ಲ ನಿಜ. ಎಲ್ಲಿ ನಿಲ್ಲಬೇಕು ಎಂದೂ ಹೇಳುವುದಿಲ್ಲ.

1990ರ ದಶಕದಲ್ಲಿ ರಣಹದ್ದುಗಳು ಸಾಯತೊಡಗಿದವು. ದನಗಳಿಗೆ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಸತ್ತ ದನದ ಮೈಯಲ್ಲಿ ಉಳಿದು, ತಿಂದ ಹದ್ದಿನ ಮೂತ್ರಪಿಂಡ ಕೆಡಿಸುತ್ತಿತ್ತು. ಬಿಳಿ ಬೆನ್ನಿನ ರಣಹದ್ದು 2007ರ ಹೊತ್ತಿಗೆ ಸಾವಿರಕ್ಕೆ ಒಂದು ಉಳಿಯಿತು. ಕಾರಣ 2004ರಲ್ಲಿ ಗೊತ್ತಾಯಿತು, 2006ರಲ್ಲಿ ಪಶುಗಳಿಗೆ ಆ ಔಷಧ ನಿಷೇಧವಾಯಿತು. ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಧಾಮವಾಯಿತು. ಆಗಲೇಬೇಕಿತ್ತು, ಇನ್ನೂ ಆಗಲಿ. ಹದ್ದು ಹೋದ ಮೇಲೆ ಹೆಣ ಕೊಳೆತು ನಾರಿತು, ಬೀದಿನಾಯಿ ಹೆಚ್ಚಿದವು. ಒಂದು ಜೀವಿ ಹೋದರೆ ಇಡೀ ಬಳಗ ಹೇಗೆ ಅಲುಗುತ್ತದೆ ಎಂದು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಮೇಷ್ಟ್ರುಗಳು ಇದನ್ನು ತಪ್ಪದೆ ಹೇಳಲಿ. ಆದರೆ ಹದ್ದಿಲ್ಲದ ಹೆಣವನ್ನು ಯಾರು ಎಳೆದರು ಎಂಬುದನ್ನೂ ಅದೇ ಪಾಠದಲ್ಲಿ ಹೇಳಲಿ.

2016ರ ಜುಲೈ 11ರಂದು ಗುಜರಾತಿನ ಊನಾ ಹತ್ತಿರ, ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ದಲಿತ ಯುವಕರನ್ನು ಗೋರಕ್ಷಕರು ಅನ್ನುವವರು ಹೊಡೆದು, ಗಾಡಿಗೆ ಕಟ್ಟಿ ಮೆರೆಸಿದರು. ಮಾಡು ಅನ್ನುವವರೂ ಅವರೇ, ಮಾಡಿದರೆ ಹೊಡೆಯುವವರೂ ಅವರೇ. ಕೆಲವೇ ದಿನಗಳಲ್ಲಿ ಸುರೇಂದ್ರನಗರದ ದಲಿತರು ಸತ್ತ ದನಗಳನ್ನು ಗಾಡಿಗಳಲ್ಲಿ ತುಂಬಿ ತಂದು ಕಲೆಕ್ಟರ್ ಕಚೇರಿ ಮುಂದೆ ಸುರಿದು ಹೋದರು. ನಿಮ್ಮ ತಾಯಿ, ನೀವೇ ನೋಡಿಕೊಳ್ಳಿ ಅಂದರು. ಯಾವ ಪ್ರಭೇದವೂ ಹೀಗೆ ಒಂದು ಬೆಳಿಗ್ಗೆ ಎದ್ದು ತನ್ನ ಗೂಡನ್ನು ಬಿಟ್ಟುಕೊಟ್ಟದ್ದಿಲ್ಲ. ಮನುಷ್ಯ ಬಿಡಬಲ್ಲ.

ಗಾಡ್ಗೀಳರ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. 2011ರಲ್ಲಿ ಅವರ ನೇತೃತ್ವದ ಸಮಿತಿ ಪಶ್ಚಿಮ ಘಟ್ಟದ ವರದಿ ಕೊಟ್ಟಾಗ, ಏನು ಉಳಿಸಬೇಕು ಹೇಗೆ ಉಳಿಸಬೇಕು ಎಂಬ ತೀರ್ಮಾನದಲ್ಲಿ ಗ್ರಾಮಸಭೆಗೆ ಮಾತಿರಬೇಕು ಅಂದಿತು. ಗಣಿ, ರೆಸಾರ್ಟಿನವರು ಕೂಗೆಬ್ಬಿಸಿದರು, ಸರ್ಕಾರಗಳು ವರದಿಯನ್ನು ಮೂಲೆಗಿಟ್ಟವು. ನಾವು ಆ ವರದಿಯ ಪರ. ಆದರೆ ನಮ್ಮ ಹಳ್ಳಿಗಳ ಗ್ರಾಮಸಭೆ ನಾವು ನೋಡಿದ್ದೇವೆ. ಜಮಖಾನೆ ಯಾರಿಗೆ, ಬಾಗಿಲ ಬಳಿ ನಿಲ್ಲುವವರು ಯಾರು, ಸಹಿ ಪುಸ್ತಕ ಮನೆಮನೆಗೆ ಬಂದು ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುವುದು ಯಾರ ಮನೆಗೆ, ಎಲ್ಲ ಗೊತ್ತು. ಬೆಟ್ಟದ ಸೊಪ್ಪು, ಕೆರೆಯ ಮೀನು, ಗೋಮಾಳದ ಹುಲ್ಲು ಹೇಗೆ ಉಳಿಯಬೇಕು ಎಂಬ ಮಾತು ಆ ಸಭೆಯಲ್ಲಿ ಎದ್ದಾಗ ‘ನಿಮ್ಮ ನಿಮ್ಮ ಕಸುಬು ನೀವು ಮಾಡ್ಕೊಂಡಿದ್ದಾಗ ಎಲ್ಲ ಚೆನ್ನಾಗಿತ್ತು’ ಎಂದು ಜಮಖಾನೆ ಮೇಲಿಂದ ಒಬ್ಬ ಹಿರಿಯ ಹೇಳಿಯೇ ಹೇಳುತ್ತಾನೆ. ಬಾಗಿಲ ಬಳಿ ನಿಂತ ನಮ್ಮ ಹುಡುಗಿಗೆ ಆಗ ಶೋಲಾ ಹಕ್ಕಿಯ ಕತೆಯೂ ಗೊತ್ತಿರಬೇಕು, ಸುರೇಂದ್ರನಗರದ ಗಾಡಿಗಳ ಕತೆಯೂ ಗೊತ್ತಿರಬೇಕು.