ಓಟ್‌ಮೀಲ್ ಸ್ಟೌಟ್: ಲಕ್ಷ್ಯವೂ ಲಕ್ಷಣವೂ

ಪಾನೀಯವೊಂದರ ಗುಣದೋಷವಿವೇಚನೆಯು ವಿಮರ್ಶೆಯೆಂಬ ಹೆಸರಿಗೆ ಅರ್ಹವೆ ಎಂಬ ಶಂಕೆ ಓದುಗರಲ್ಲಿ ಕೆಲವರಿಗೆ ಏಳಬಹುದು. ಆ ಶಂಕೆಗೆ ಸಮಾಧಾನ ನಮ್ಮ ಕಾವ್ಯಮೀಮಾಂಸೆಯಲ್ಲಿಯೇ ಇದೆ. ರಸದ ಸ್ವರೂಪವನ್ನು ತಿಳಿಸಹೊರಟ ಭರತನು ಆರಿಸಿಕೊಂಡ ದೃಷ್ಟಾಂತ ಭೋಜನದ್ದು. ಹಲವು ವ್ಯಂಜನಗಳಿಂದ ಸಂಸ್ಕೃತವಾದ ಅನ್ನವನ್ನು ಸುಮನಸ್ಕರು ಸವಿಯುವಂತೆ ಪ್ರೇಕ್ಷಕರು ಸ್ಥಾಯಿಭಾವವನ್ನು ಸವಿಯುತ್ತಾರೆಂಬುದು ಅವನ ನಿರೂಪಣೆಯ ಸಾರ. ರುಚಿ, ಆಸ್ವಾದ, ಚರ್ವಣೆ, ರಸ ಎಂಬ ಮಾತುಗಳೆಲ್ಲ ನಾಲಗೆಯಿಂದ ಕಾವ್ಯಕ್ಕೆ ಬಂದವುಗಳೇ. ಸಾಲ ತಂದವರು ಒಮ್ಮೆ ಸಾಲ ಕೊಟ್ಟವರ ಮನೆಯ ಕಡೆಗೂ ನೋಡುವುದು ಅನುಚಿತವಾಗಲಾರದು.

ಪ್ರಕೃತ ಲೇಖನದಲ್ಲಿ ನಾವು ಪರಿಶೀಲಿಸಬಯಸುವುದು ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಟ್ಯಾಡ್‌ಕಾಸ್ಟರ್ ಎಂಬ ಊರಿನಲ್ಲಿ ತಯಾರಾಗುವ ಸ್ಯಾಮ್ಯುಯೆಲ್ ಸ್ಮಿತ್ ಓಟ್‌ಮೀಲ್ ಸ್ಟೌಟ್ ಎಂಬ ಬಿಯರನ್ನು. ಇದು ಸೊಗಸಾಗಿದೆ ಎಂದು ಹೇಳಿ ಮುಗಿಸುವುದು ನಮ್ಮ ಉದ್ದೇಶವಲ್ಲ. ಒಂದು ವಸ್ತುವು ತನ್ನ ಜಾತಿಗೆ ವಿಧಿಸಿದ ಲಕ್ಷಣಗಳಿಗೆ ಒಪ್ಪುವುದರಿಂದಲೇ ಉತ್ತಮವೆನಿಸುವುದೆ, ಅಥವಾ ಉತ್ತಮವಾದ ವಸ್ತುವಿನಿಂದಲೇ ಲಕ್ಷಣವು ಹುಟ್ಟುವುದೆ ಎಂಬ ಹಳೆಯ ಪ್ರಶ್ನೆ ಈ ಬಿಯರಿನ ವಿಷಯದಲ್ಲಿ ಅಪೂರ್ವವಾದ ಸ್ಪಷ್ಟತೆಯಿಂದ ಎದ್ದು ನಿಲ್ಲುತ್ತದೆ.

1

ಮೊದಲು ವಸ್ತುವಿನ ಪರಿಚಯ. ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ದುಡಿಯುವ ಜನರ ಪಾನೀಯವಾಗಿದ್ದ ಪೋರ್ಟರ್ ಎಂಬ ಕಂದುಬಣ್ಣದ ಬಿಯರಿನಲ್ಲಿ ಹೆಚ್ಚು ಬಲವಾದುದನ್ನು ‘ಸ್ಟೌಟ್ ಪೋರ್ಟರ್’ ಎನ್ನುತ್ತಿದ್ದರು. ಕ್ರಮೇಣ ವಿಶೇಷಣವೇ ನಾಮಪದವಾಗಿ ನಿಂತಿತು. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್ ಆಗುತ್ತದೆ; ನಮ್ಮ ಮನೆಗಳಲ್ಲಿ ರಾಗಿ ಮಾಲ್ಟ್ ಮಾಡುವ ಕ್ರಮವೂ ಇದೇ. ಅದನ್ನು ಒಡೆದು ಬಿಸಿನೀರಿನಲ್ಲಿ ಕಲಸಿಟ್ಟಾಗ ಪಿಷ್ಟವು ಸಕ್ಕರೆಯಾಗಿ ಸಿಹಿರಸ ದೊರೆಯುತ್ತದೆ. ಹಾಪ್ಸ್ ಎಂಬ ಬಳ್ಳಿಯ ಹೂವಿನೊಡನೆ ಕುದಿಸಿದಾಗ ಅದಕ್ಕೆ ಕಹಿ ಸೇರುತ್ತದೆ. ಆರಿದ ಮೇಲೆ ಬೆರೆಸಿದ ಯೀಸ್ಟ್ ಆ ಸಕ್ಕರೆಯನ್ನು ಮದ್ಯಸಾರವನ್ನಾಗಿಯೂ ಅನಿಲವನ್ನಾಗಿಯೂ ಮಾರ್ಪಡಿಸುತ್ತದೆ. ಇನ್ನು ಸ್ಟೌಟಿನ ಕಪ್ಪು ಬಣ್ಣ ಬರುವುದು ಹುರಿದ ಧಾನ್ಯದಿಂದ. 1817ರಲ್ಲಿ ಡೇನಿಯಲ್ ವೀಲರ್ ಎಂಬಾತನು ಕಾಫಿ ಬೀಜ ಹುರಿಯುವ ಪೀಪಾಯಿಯನ್ನು ಹೋಲುವ ಸಾಧನದಲ್ಲಿ ಮಾಲ್ಟನ್ನು ಕಪ್ಪಾಗುವಂತೆ ಹುರಿಯುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. ಸ್ಟೌಟಿನ ವಾಸನೆಗೂ ನಮ್ಮ ಕಾಫಿಯ ವಾಸನೆಗೂ ಇರುವ ಸಾಮ್ಯ ಆಕಸ್ಮಿಕವಲ್ಲ. ಎರಡೂ ಹುರಿಯುವಿಕೆಯ ಮಕ್ಕಳೇ.

ಈ ಸ್ಟೌಟಿಗೆ ಓಟ್ಸ್ ಸೇರಿಸಿದರೆ ಓಟ್‌ಮೀಲ್ ಸ್ಟೌಟ್. ಓಟ್ಸಿನ ಗಂಜಿಯನ್ನು ಕುಡಿದವರಿಗೆ ಅದರ ನುಣುಪಾದ ಲೋಳೆ ಗೊತ್ತು. ಬೀಟಾ-ಗ್ಲೂಕನ್ ಎಂಬ, ನೀರಿನಲ್ಲಿ ಕರಗುವ ನಾರಿನಂಶ ಅದಕ್ಕೆ ಕಾರಣ. ಅದೇ ನುಣುಪು ಬಿಯರಿಗೆ ಇಳಿದು, ಹುರಿದ ಧಾನ್ಯದ ಒರಟನ್ನು ತಡೆಯುತ್ತದೆ. ಆದರೆ ತಯಾರಕನು ಇದಕ್ಕೆ ಬೆಲೆ ತೆರಬೇಕು. ಅದೇ ಲೋಳೆಯಿಂದ ಸಿಹಿರಸವು ಧಾನ್ಯದ ಪದರದ ಮೂಲಕ ಸುಲಭವಾಗಿ ಸೋಸುವುದಿಲ್ಲ. ಕೆಲವೊಮ್ಮೆ ಹರಿವು ಪೂರ್ತಿಯಾಗಿ ಕಟ್ಟಿಕೊಳ್ಳುವುದೂ ಉಂಟು. ಇತರ ಧಾನ್ಯಗಳಿಗಿಂತ ಓಟ್ಸಿನಲ್ಲಿ ಜಿಡ್ಡು ಹೆಚ್ಚು, ಜಿಡ್ಡು ನೊರೆಗೆ ಶತ್ರು. ಆದುದರಿಂದ ಓಟ್ಸನ್ನು ನಿಜವಾಗಿ ಬಳಸುವವನು ಕಷ್ಟವನ್ನು ತಿಳಿದೇ ಬಳಸುತ್ತಾನೆ. ಈ ಮಾತನ್ನು ಮುಂದಿನ ಚರಿತ್ರೆಗಾಗಿ ನೆನಪಿನಲ್ಲಿ ಇಟ್ಟುಕೊಳ್ಳತಕ್ಕದ್ದು.

2

ಸ್ಕಾಟ್ಲೆಂಡಿನ ಅಲೋವಾ ಎಂಬ ಊರಿನ ಮೆಕ್ಲೇ ಬ್ರೂವರಿ 1895ರಲ್ಲಿ ಓಟ್ಸಿನ ಮಾಲ್ಟನ್ನು ಹೇರಳವಾಗಿ ಬಳಸಿದ ಸ್ಟೌಟೊಂದನ್ನು ತಯಾರಿಸಿತು. ಆಗ ಸ್ಟೌಟ್ ರೋಗಿಗಳಿಗೂ ಬಲಹೀನರಿಗೂ ಪುಷ್ಟಿಕರವೆಂಬ ನಂಬಿಕೆ ಬಲವಾಗಿತ್ತು. ಓಟ್ಸಿಗಂತೂ ಆ ಕೀರ್ತಿ ಮೊದಲೇ ಇತ್ತು. ಎರಡು ಕೀರ್ತಿಗಳು ಒಂದೇ ಸೀಸೆಯಲ್ಲಿ ಸೇರಿದುದರಿಂದ ಹೆಸರಿಗೆ ಮಾರುಕಟ್ಟೆಯಲ್ಲಿ ಬೆಲೆ ಬಂದಿತು.

ಹೆಸರಿಗೆ ಬೆಲೆ ಬಂದೊಡನೆ ಪದಾರ್ಥವು ಹಿಂದೆ ಸರಿದದ್ದು ಈ ಚರಿತ್ರೆಯ ವಿಷಾದದ ಭಾಗ. ಬ್ರೂವರಿಗಳ ಹಳೆಯ ದಾಖಲೆ ಪುಸ್ತಕಗಳಿಂದ ತಿಳಿದುಬಂದಿರುವಂತೆ, ಲಂಡನ್ನಿನ ಬಾರ್ಕ್ಲೆ ಪರ್ಕಿನ್ಸ್ ಸಂಸ್ಥೆಯ 1936ರ ಓಟ್‌ಮೀಲ್ ಸ್ಟೌಟಿನಲ್ಲಿ ಓಟ್ಸ್ ಇದ್ದುದು ಶೇಕಡಾ 0.5 ಮಾತ್ರ. ಒಂದೇ ಧಾನ್ಯರಾಶಿಯಿಂದ ಹಲವು ಬಿಯರುಗಳನ್ನು ಇಳಿಸುವ ಪದ್ಧತಿಯಿದ್ದುದರಿಂದ, ಅದೇ ಸಂಸ್ಥೆಯ ಪೋರ್ಟರಿನಲ್ಲಿಯೂ ಸಾಮಾನ್ಯ ಸ್ಟೌಟಿನಲ್ಲಿಯೂ ಓಟ್ಸಿನ ಪ್ರಮಾಣ ಅಷ್ಟೇ ಇತ್ತು. ವಿಟ್‌ಬ್ರೆಡ್ ಸಂಸ್ಥೆಯು 1920ರ ದಶಕದಲ್ಲಿ ಮಾರಿದ ಲಂಡನ್ ಸ್ಟೌಟ್ ಮತ್ತು ಓಟ್‌ಮೀಲ್ ಸ್ಟೌಟ್ ಒಳಗೆ ಒಂದೇ ಆಗಿದ್ದು ಹೊರಗಿನ ಚೀಟಿ ಮಾತ್ರ ಬೇರೆಯಾಗಿತ್ತು. ನಾಲಗೆಗೆ ಸಿಗದಷ್ಟು ಓಟ್ಸನ್ನು ಹಾಕಿ ಹೆಸರನ್ನು ದೊಡ್ಡದಾಗಿ ಬರೆಯುವುದು, ಶ್ಲೇಷೆಯೊಂದನ್ನು ಎಲ್ಲಿಯೋ ತುರುಕಿ ಇಡಿಯ ಕೃತಿಯನ್ನು ಶ್ಲೇಷಕಾವ್ಯವೆಂದು ಸಾರಿದಂತೆ. ಅದನ್ನು ಕುಡಿದು ಓಟ್ಸಿನ ಮೃದುತ್ವವನ್ನು ಹೊಗಳಿದವರು ಚೀಟಿಯನ್ನು ಹೊಗಳಿದರೇ ಹೊರತು ಪಾನೀಯವನ್ನಲ್ಲ.

ಎರಡನೆಯ ಮಹಾಯುದ್ಧದ ಅನಂತರ ಈ ಜಾತಿ ಕ್ಷೀಣಿಸುತ್ತ ಬಂದು 1970ರ ದಶಕದ ವೇಳೆಗೆ ಕಣ್ಮರೆಯಾಯಿತು. ಬಿಯರಿನ ವಿಷಯದಲ್ಲಿ ಪ್ರಮಾಣಪುರುಷನೆನಿಸಿದ ಮೈಕೆಲ್ ಜಾಕ್ಸನ್ (1942–2007) 1977ರ ತನ್ನ ಗ್ರಂಥದಲ್ಲಿ, ಆ ವೇಳೆಗೆ ನಿಂತುಹೋಗಿದ್ದ ಇಂತಹ ಸ್ಟೌಟೊಂದನ್ನು ಹೆಸರಿಸಿದನು. ಅದರಿಂದ ಕುತೂಹಲಗೊಂಡ ಅಮೆರಿಕದ ಆಮದುದಾರ ಚಾರ್ಲ್ಸ್ ಫಿಂಕೆಲ್, 1758ರಷ್ಟು ಹಿಂದೆ ಸ್ಥಾಪಿತವಾದ ಟ್ಯಾಡ್‌ಕಾಸ್ಟರಿನ ಬ್ರೂವರಿಯನ್ನು ಕೇಳಿಕೊಂಡನು. 1980ರಲ್ಲಿ ಸ್ಯಾಮ್ಯುಯೆಲ್ ಸ್ಮಿತ್ ಓಟ್‌ಮೀಲ್ ಸ್ಟೌಟ್ ಹೊರಬಂದಿತು. ಹೊರದೇಶದ ಓದುಗನೊಬ್ಬನ ಕುತೂಹಲದಿಂದ ಸ್ವದೇಶದ ಪರಂಪರೆಯೊಂದು ಮತ್ತೆ ಹುಟ್ಟಿತೆಂಬುದು ಗಮನಾರ್ಹ. ಅದಕ್ಕಿಂತ ಗಮನಾರ್ಹವಾದುದು ಇನ್ನೊಂದು: ಪುನರುಜ್ಜೀವನವು ಯುದ್ಧಪೂರ್ವದ ಲಂಡನ್ನಿನ ಮೂಲಗಳಿಗಿಂತ ಹೆಚ್ಚು ಪ್ರಾಮಾಣಿಕವಾಗಿತ್ತು. ಹೆಸರು ಹೇಳಿದ ಗುಣ ಪಾನೀಯದಲ್ಲಿ ಮತ್ತೆ ಸಿಕ್ಕಿತು.

3

ಇನ್ನು ಲಕ್ಷಣದ ವಿಚಾರ. ಅಮೆರಿಕದಲ್ಲಿ 1985ರಲ್ಲಿ ಆರಂಭವಾದ ಬಿಯರ್ ಜಡ್ಜ್ ಸರ್ಟಿಫಿಕೇಷನ್ ಪ್ರೋಗ್ರಾಂ ಎಂಬ ಸಂಸ್ಥೆ ಸ್ಪರ್ಧೆಗಳ ತೀರ್ಪುಗಾರರಿಗಾಗಿ ಬಿಯರಿನ ಜಾತಿಗಳ ಲಕ್ಷಣಗಳನ್ನು ಸಂಗ್ರಹಿಸಿದೆ. ಅದರ 2015ರ ಆವೃತ್ತಿಯಂತೆ ಓಟ್‌ಮೀಲ್ ಸ್ಟೌಟಿನ ಮದ್ಯಸಾರ ಶೇಕಡಾ 4.2ರಿಂದ 5.9, ಕಹಿಯ ಅಳತೆ 25ರಿಂದ 40, ಬಣ್ಣದ ಅಳತೆ 22ರಿಂದ 40. ಇದನ್ನು ಲಕ್ಷಣಗ್ರಂಥವೆಂದು ಕರೆಯಲು ಸಂಕೋಚಪಡಬೇಕಾಗಿಲ್ಲ.

ಆದರೆ ಈ ಲಕ್ಷಣ ಎಲ್ಲಿಂದ ಬಂದಿತು? 1980ರ ಆ ಬಿಯರೇ ಮುಂದೆ ಇತರರಿಗೆ ಮಾದರಿಯಾಯಿತು. ಕ್ಯಾಲಿಫೋರ್ನಿಯದಲ್ಲಿ 1987ರಲ್ಲಿ ಆರಂಭವಾದ ಆಂಡರ್ಸನ್ ವ್ಯಾಲಿ, ಮಾಂಟ್ರಿಯಲ್‌ನಲ್ಲಿ 1989ರಲ್ಲಿ ಆರಂಭವಾದ ಮೆಕಾಸ್ಲನ್ ಮೊದಲಾದ ಬ್ರೂವರಿಗಳ ಓಟ್‌ಮೀಲ್ ಸ್ಟೌಟುಗಳು ಅನಂತರ ಬಂದವು. ಲಕ್ಷಣಕಾರರು ಉದಾಹರಿಸುವ ಬಿಯರುಗಳಲ್ಲಿ ಮೂಲಮಾದರಿಯೂ ಅನುಸರಿಸಿದವುಗಳೂ ಒಟ್ಟಿಗೆ ಇವೆ. ಹೀಗಾಗಿ ಸ್ಯಾಮ್ಯುಯೆಲ್ ಸ್ಮಿತ್ ಬಿಯರು ಲಕ್ಷಣಕ್ಕೆ ಪೂರ್ಣವಾಗಿ ಒಪ್ಪುತ್ತದೆ ಎಂದರೆ, ಅದು ತನಗೆ ತಾನೇ ಒಪ್ಪುತ್ತದೆ ಎಂದಷ್ಟೇ ಅರ್ಥ. ಅದು ಪ್ರಶಂಸೆಯಲ್ಲ, ಪುನರುಕ್ತಿ.

ಎರಡನೆಯ ತೊಡಕು ಅಂಕಗಳದು. ಇದೇ ಸಂಸ್ಥೆಯ ಪತ್ರಿಕೆಯಲ್ಲಿ ಒಟ್ಟು 50 ಅಂಕ: ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಯಲ್ಲಿ ತೋರುವ ಮೈಗೆ 5, ಸಮಗ್ರ ಪರಿಣಾಮಕ್ಕೆ 10. ನಾಲ್ಕನೆಯದನ್ನು ನಾವು ಜಿಹ್ವಾಸ್ಪರ್ಶವೆಂದು ಕರೆಯೋಣ. ಓಟ್ಸ್ ಕೊಡುವುದು ಬಹುಮಟ್ಟಿಗೆ ಇದನ್ನೇ; ಈ ಜಾತಿಯನ್ನು ಬೇರೆಯ ಜಾತಿಯಾಗಿ ಮಾಡಿರುವುದೂ ಇದೇ. ಅದಕ್ಕೆ ಸಿಕ್ಕಿರುವುದು ಹತ್ತರಲ್ಲಿ ಒಂದು ಪಾಲು. ಓಟ್ಸಿನ ಸುಳಿವೇ ಇಲ್ಲದ ಒಳ್ಳೆಯ ಸ್ಟೌಟೊಂದನ್ನು ಈ ಹೆಸರಿನಲ್ಲಿ ಸ್ಪರ್ಧೆಗೆ ಇಟ್ಟರೆ, ಕಟ್ಟುನಿಟ್ಟಿನ ತೀರ್ಪುಗಾರನು ಅಲ್ಲಿ ಮೂರು ಅಂಕ ಕಳೆದು ಉಳಿದೆಡೆ ಧಾರಾಳವಾಗಿ ಕೊಡಬೇಕಾಗಬಹುದು. ಅಷ್ಟಾದಶ ವರ್ಣನೆಗಳಲ್ಲಿ ಹದಿನೇಳು ಇವೆಯೆಂದು ಎಣಿಸಿ, ಕಾವ್ಯವಿದೆಯೆ ಎಂಬುದನ್ನು ಕೊನೆಯ ಕಲಮಿಗೆ ಬಿಟ್ಟ ಪರೀಕ್ಷಕನ ಸ್ಥಿತಿ ಅದು. ಉತ್ತರಪತ್ರಿಕೆಗಳನ್ನು ತಿದ್ದುವ ನಮ್ಮ ವೃತ್ತಿಬಾಂಧವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇಷ್ಟರಿಂದ ಲಕ್ಷಣವೇ ವ್ಯರ್ಥವೆಂದು ಹೇಳಲಾಗದು. ಎಲ್ಲ ಜಾತಿಯ ಬಿಯರುಗಳಿಗೂ ಒಂದೇ ಪತ್ರಿಕೆ ಇರಬೇಕಾದುದರಿಂದ ಇಂತಹ ಹಂಚಿಕೆ ಅನಿವಾರ್ಯ. ಸಮಗ್ರ ಪರಿಣಾಮದ ಹತ್ತು ಅಂಕಗಳಲ್ಲಿ ವಿವೇಕಿಯಾದ ತೀರ್ಪುಗಾರನಿಗೆ ಅವಕಾಶವಿದೆ. ತಮ್ಮ ಮಾತು ಮಾರ್ಗದರ್ಶನವೇ ಹೊರತು ಕಟ್ಟಳೆಯಲ್ಲವೆಂದು ಲಕ್ಷಣಕಾರರೂ ಹೇಳಿರುವರು. ಹೆಸರಿಗಾಗಿ ಮಾತ್ರ ಓಟ್ಸ್ ಹಾಕುತ್ತಿದ್ದ ಕಾಲವನ್ನು ಅವರು ಮುಚ್ಚಿಟ್ಟಿಲ್ಲ. ಲಕ್ಷಣವಿಲ್ಲದಿದ್ದರೆ ಇಬ್ಬರು ಸವಿಗಾರರು ಒಂದೇ ವಸ್ತುವಿನ ಮೇಲೆ ಮಾತನಾಡುವುದೇ ಕಷ್ಟ. ದೋಷವಿರುವುದು ಅದನ್ನು ಆರಂಭವೆಂದು ತಿಳಿಯದೆ ಅಂತ್ಯವೆಂದು ತಿಳಿಯುವುದರಲ್ಲಿ.

4

ಹಾಗಾದರೆ ಸವಿಯುವ ಕ್ರಮ ಹೇಗಿರಬೇಕು? ಬಿಯರು ಕೊರೆಯುವಷ್ಟು ತಣ್ಣಗಿರಕೂಡದು. ಅತಿಶೀತದಲ್ಲಿ ವಾಸನೆ ಏಳುವುದಿಲ್ಲ, ನಾಲಗೆಯೂ ಜಡವಾಗುತ್ತದೆ. 10ರಿಂದ 13 ಡಿಗ್ರಿ ಸೆಲ್ಸಿಯಸ್ ಸಾಕು. ಬಾಯಿ ಸ್ವಲ್ಪ ಕಿರಿದಾದ ಗಾಜಿನ ಲೋಟದಲ್ಲಿ ಅರ್ಧದಷ್ಟು ಸುರಿದು, ಮೊದಲು ಮೂಸಿ, ಆಮೇಲೆ ಗುಟುಕರಿಸಬೇಕು. ನುಂಗಿದ ಮೇಲೆ ಉಸಿರನ್ನು ಮೂಗಿನಿಂದ ಬಿಡಬೇಕು. ನಾವು ರುಚಿಯೆಂದು ಕರೆಯುವುದರಲ್ಲಿ ಬಹುಪಾಲು ಗಂಟಲ ಹಿಂದಿನಿಂದ ಮೂಗಿಗೇರುವ ವಾಸನೆಯೇ. ಎಲ್ಲಕ್ಕಿಂತ ಮುಖ್ಯವಾಗಿ, ಸೀಸೆಯ ಚೀಟಿ ಕಾಣದಂತೆ ಬೇರೊಬ್ಬರಿಂದ ಸುರಿಸಿಕೊಳ್ಳಬೇಕು. ವಿಟ್‌ಬ್ರೆಡ್ಡಿನ ಎರಡು ಚೀಟಿಗಳ ಕಥೆ ಕಲಿಸುವ ಪಾಠ ಇದು.

ಪ್ರಕೃತ ಬಿಯರು ಲೋಟದಲ್ಲಿ ಕಪ್ಪಾಗಿ ಕಂಡರೂ ದೀಪಕ್ಕೆ ಹಿಡಿದಾಗ ಅಂಚಿನಲ್ಲಿ ಮಾಣಿಕ್ಯದ ಕೆಂಪು ಹೊಳೆಯುತ್ತದೆ. ನೊರೆ ತಿಳಿಕಂದು. ವಾಸನೆಯಲ್ಲಿ ಹುರಿದ ಧಾನ್ಯ, ಕೋಕೋ, ಒಣದ್ರಾಕ್ಷಿ. ಇವುಗಳ ಹಿಂದೆ ಬೆಣ್ಣೆ ಬೆರೆತ ಬೆಲ್ಲದ ಪಾಕದಂತಹ ತೆಳುವಾದ ಎಳೆ. ಈ ಕೊನೆಯದು ಡೈಅಸಿಟೈಲ್ ಎಂಬ ಸಂಯುಕ್ತದ್ದು. ಬಹಳ ಬಗೆಯ ಬಿಯರುಗಳಲ್ಲಿ ಇದು ದೋಷವೆಂದೇ ಪರಿಗಣಿತ. ಇಲ್ಲಿ ಅಲ್ಪಪ್ರಮಾಣದಲ್ಲಿದ್ದು ಓಟ್ಸಿನ ನುಣುಪಿಗೆ ಒತ್ತಾಸೆಯಾಗಿ ನಿಂತಿದೆ. ದೋಷವು ಸಂದರ್ಭವಿಶೇಷದಲ್ಲಿ ಗುಣವಾಗುವುದೆಂಬ ಆಲಂಕಾರಿಕರ ಮಾತಿಗೆ ಇದಕ್ಕಿಂತ ಪ್ರತ್ಯಕ್ಷವಾದ ನಿದರ್ಶನ ಬೇಕಿಲ್ಲ. ರುಚಿಯಲ್ಲಿ ಸಿಹಿ ಮೊದಲು, ಹುರುಕಲಿನ ಕಹಿ ಅನಂತರ. ಹಾಪ್ಸಿನ ಕಹಿ ಎದ್ದು ಕಾಣದೆ ಸಿಹಿಯನ್ನು ಕಟ್ಟಿ ನಿಲ್ಲಿಸುವಷ್ಟಿದೆ. ಮದ್ಯಸಾರ ಶೇಕಡಾ 5. ಅದರ ಕಾವು ಎಲ್ಲಿಯೂ ಮುಂದೆ ಬರುವುದಿಲ್ಲ.

ಜಿಹ್ವಾಸ್ಪರ್ಶದ ವಿಷಯದಲ್ಲಿ ಮಾತ್ರ ವಿಶೇಷವಾದ ಎಚ್ಚರ ಬೇಕು. ಸ್ಟೌಟಿನಲ್ಲಿ ನುಣುಪು ಮೂರು ಕಡೆಗಳಿಂದ ಬರಬಹುದು. ಒಂದು, ಸಾರಜನಕ ಅನಿಲ. 1959ರಲ್ಲಿ ಗಿನ್ನೆಸ್ ಸಂಸ್ಥೆ ಬಳಕೆಗೆ ತಂದ ವಿಧಾನದಿಂದ ಉಂಟಾಗುವ ಕಿರುಗುಳ್ಳೆಗಳು ಕೆನೆಯಂತಹ ನೊರೆಯನ್ನು ಕೊಡುತ್ತವೆ. ಎರಡು, ಉಳಿದ ಸಕ್ಕರೆ ಅಥವಾ ಹಾಲಿನ ಸಕ್ಕರೆ. ಮೂರು, ಓಟ್ಸ್. ಮೊದಲನೆಯದು ತುಟಿಯಲ್ಲಿಯೂ ಮೊದಲ ಗುಟುಕಿನಲ್ಲಿಯೂ ಇದ್ದು, ನೊರೆಯೊಡನೆ ಇಳಿಯುತ್ತದೆ. ಎರಡನೆಯದು ನುಂಗಿದ ಮೇಲೆ ಅಂಟಾಗಿ, ಸಿಹಿಯಾಗಿ ಉಳಿಯುತ್ತದೆ. ಮೂರನೆಯದು ನೊರೆ ಇಳಿದ ಮೇಲೂ, ಸಿಹಿ ಕರಗಿದ ಮೇಲೂ ನಾಲಗೆಯ ಮೇಲೆ ತೆಳುವಾದ ರೇಷ್ಮೆಯ ಹಾಗೆ ನಿಲ್ಲುತ್ತದೆ. ಆದುದರಿಂದ ಈ ಜಾತಿಯ ನಿಜವಾದ ಪರೀಕ್ಷೆ ಮೊದಲ ಗುಟುಕಿನಲ್ಲಿಲ್ಲ. ಲೋಟ ಅರ್ಧ ಬರಿದಾಗಿ, ನೊರೆ ಆರಿ, ಬಿಯರು ಕೊಂಚ ಬೆಚ್ಚಗಾದಾಗ ಇದೆ. ಆ ಹೊತ್ತಿನಲ್ಲಿ ಟ್ಯಾಡ್‌ಕಾಸ್ಟರಿನ ಬಿಯರು ಗೆಲ್ಲುತ್ತದೆ. ನೊರೆಯ ಆಸರೆಯಿಲ್ಲದೆಯೂ ಅದರ ಮೈ ಕುಗ್ಗುವುದಿಲ್ಲ. ಹುರಿದ ಧಾನ್ಯದ ಒಗರು ನಾಲಗೆಯನ್ನು ಕಚ್ಚುವುದಿಲ್ಲ.

ಕೊರತೆಯೂ ಇಲ್ಲದಿಲ್ಲ. ಬೆಚ್ಚಗಾಗುತ್ತ ಬಂದಂತೆ ಹಣ್ಣಿನ ಸಿಹಿ ಮುಂದಾಗಿ ಹುರುಕಲು ಹಿಂದಾಗುತ್ತದೆ. ಎರಡನೆಯ ಲೋಟದ ಹೊತ್ತಿಗೆ ಇನ್ನಷ್ಟು ಕಹಿ ಇರಬೇಕಿತ್ತೆಂಬ ಅಪೇಕ್ಷೆ ಮೂಡುತ್ತದೆ. ಇದನ್ನು ಅನುಸರಿಸಿ ಬಂದ ಬ್ರೂವರಿಗಳಲ್ಲಿ ಹುರುಕಲನ್ನೂ ಕಹಿಯನ್ನೂ ಹೆಚ್ಚಿಸಿದವರಿದ್ದಾರೆ. ಅವರು ಮಾದರಿಯಿಂದ ಜಾರಿದರೆನ್ನುವುದಕ್ಕಿಂತ ಮಾದರಿಯನ್ನು ವಿಮರ್ಶಿಸಿದರೆಂದು ಹೇಳುವುದು ನ್ಯಾಯ.

5

ಮೇಲಿನ ವಿವೇಚನೆಯಿಂದ ಫಲಿಸುವುದಿಷ್ಟು. ಸ್ಯಾಮ್ಯುಯೆಲ್ ಸ್ಮಿತ್ ಓಟ್‌ಮೀಲ್ ಸ್ಟೌಟ್ ಉತ್ತಮವಾದುದು ತನ್ನ ಜಾತಿಯ ಲಕ್ಷಣಕ್ಕೆ ಒಪ್ಪುವುದರಿಂದಲ್ಲ. ಆ ಲಕ್ಷಣವು ಬಹುಮಟ್ಟಿಗೆ ಅದರ ನೆರಳು. ಪರಂಪರೆಗೆ ನಿಷ್ಠವಾಗಿರುವುದರಿಂದಲೂ ಅಲ್ಲ. ಆ ಪರಂಪರೆಯಲ್ಲಿ ಒಂದು ದೀರ್ಘ ಭಾಗ ಬರಿಯ ಹೆಸರಾಗಿತ್ತು. ತನ್ನ ಹೆಸರು ಯಾವ ಗುಣವನ್ನು ಸೂಚಿಸುತ್ತದೆಯೋ ಆ ಗುಣವನ್ನು ನಾಲಗೆಗೆ ಸಿದ್ಧಮಾಡಿ ತೋರಿಸುವುದರಿಂದ ಅದು ಉತ್ತಮ. ಓಟ್ಸ್ ಎಂದರೆ ಓಟ್ಸ್ ಸಿಗಬೇಕೆಂಬ ಈ ಸರಳವಾದ ನ್ಯಾಯವನ್ನು ಕಾಪಾಡುವವರು ಕಾನೂನಿನವರಲ್ಲ, ಲಕ್ಷಣಕಾರರೂ ಅಲ್ಲ, ಚೀಟಿಯನ್ನು ಮುಚ್ಚಿ ಸವಿಯಬಲ್ಲವರು. ಅಂಥವರು ವಿರಳವಾಗಿದ್ದ ಕಾಲದಲ್ಲಿ ಶೇಕಡಾ 0.5 ಓಟ್ಸ್ ಇದ್ದ ಬಿಯರು ಓಟ್‌ಮೀಲ್ ಸ್ಟೌಟೆಂದು ಮಾರಾಟವಾಯಿತು.

ವಿದ್ಯಾರ್ಥಿಗಳು ಲಕ್ಷಣವನ್ನು ಕಲಿಯಬೇಕು. ಕಲಿತು, ಲಕ್ಷ್ಯದ ಮುಂದೆ ಕುಳಿತಾಗ ಅದನ್ನು ಸ್ವಲ್ಪ ಹೊತ್ತು ಪಕ್ಕಕ್ಕೆ ಇಡಬೇಕು. ಮೊದಲು ವರ್ಣನೆ, ಆಮೇಲೆ ಹೋಲಿಕೆ, ಕೊನೆಯಲ್ಲಿ ತೀರ್ಪು: ಈ ಕ್ರಮ ತಪ್ಪದಿದ್ದರೆ ಅಂಕದ ಪತ್ರಿಕೆಯಿಂದ ಹಾನಿಯಿಲ್ಲ. ಕ್ರಮ ತಲೆಕೆಳಗಾದರೆ ನಾವು ಸವಿಯುವುದು ಲೋಟದಲ್ಲಿರುವುದನ್ನಲ್ಲ, ಮೊದಲೇ ಬರೆದಿಟ್ಟ ಮಾತನ್ನು.