ಕಚ್ಚಾ ಯಾವುದು, ಪಕ್ಕಾ ಯಾವುದು?

ಗಾವಡಗೆರೆ ಹೋಬಳಿಯ ಹಳ್ಳಿಯೊಂದರಲ್ಲಿ ನನ್ನ ಖಾಲಾ ಇದ್ದಾರೆ. ಬಿರುಬೇಸಿಗೆಯಲ್ಲೂ ಅವರ ಮನೆ ತಂಪು. ಮೊಳ ದಪ್ಪದ ಮಣ್ಣಿನ ಗೋಡೆ, ಮೇಲೆ ನಾಡಹೆಂಚು. ಆದರೆ ಚಾಪೆ ಹಾಸುತ್ತಲೇ ಖಾಲಾ ಸಂಕೋಚಪಡುತ್ತಾರೆ: “ಘರ್ ಅಬ್ಬೀ ಕಚ್ಚಾಚ್ ಹೈ ಬೇಟಾ.” ಮೋಲ್ಡ್ ಹಾಕಿಸಿದ ಪಕ್ಕದ ಮನೆಯವರು ಅದೇ ಮಧ್ಯಾಹ್ನ ಸೆಕೆ ತಾಳಲಾರದೆ ಇವರ ಜಗುಲಿಗೆ ಬಂದು ಕೂರುತ್ತಾರೆ. ಆದರೂ ಅವರದು ಪಕ್ಕಾ, ಇವರದು ಕಚ್ಚಾ.

ಪಕ್ಕಾ ಎಂದರೆ ಬೆಂದದ್ದು, ಮಾಗಿದ್ದು. ನಮ್ಮ ‘ಪಕ್ವ’ದ ಬಳಗ. ಕಚ್ಚಾ ಎಂದರೆ ಹಸಿ. ಅಡುಗೆಮನೆಯ ಈ ಮಾತುಗಳು ಸರ್ಕಾರಿ ಕಡತ ಸೇರಿ ಮನುಷ್ಯರನ್ನು ಅಳೆಯುವ ಕೋಲಾದವು. 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯು ಕಚ್ಚಾ ಗೋಡೆ, ಕಚ್ಚಾ ಛಾವಣಿಯ ಒಂದೇ ಕೋಣೆಯ ಮನೆಯನ್ನು ಬಡತನದ ಗುರುತಾಗಿ ಎಣಿಸಿತು. ಸೋರುವ ಸೂರಿನಡಿ ಇರುವವರಿಗೆ ನೆರವು ಸಿಗಲೇಬೇಕು. ನನ್ನ ತಕರಾರು ಬೇರೆ: ಮಣ್ಣೆಂದರೆ ಅವಮಾನ, ಸಿಮೆಂಟೆಂದರೆ ಮಾನ ಎಂಬ ಅರ್ಥ ಬೇರೂರಿದ್ದು ಹೇಗೆ? ಇದರಲ್ಲಿ ಕತೆಗಾರರ ಪಾಲೂ ಇದೆ. ಸೋರುವ ಹೆಂಚಿನಲ್ಲಿ ಶುರುವಾಗಿ ತಾರಸಿ ಮನೆಯಲ್ಲಿ ಸುಖಾಂತ್ಯವಾಗುವ ಕತೆ ನಾನೂ ಬರೆದಿದ್ದೇನೆ.

ಸಿಮೆಂಟನ್ನು ‘ಪಕ್ಕಾ’ ಮಾಡಲು ತೆರುವ ಬೆಲೆ ನಮಗೆ ಕಾಣುವುದಿಲ್ಲ. ಸುಣ್ಣಕಲ್ಲನ್ನು ಜೇಡಿಯೊಡನೆ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟರೆ ಕ್ಲಿಂಕರ್. ಅದನ್ನು ಅರೆದರೆ ಸಿಮೆಂಟು. ಉರಿಸುವ ಕಲ್ಲಿದ್ದಲಿನ ಹೊಗೆ ಒಂದೆಡೆಯಾದರೆ, ಕಲ್ಲಿನೊಳಗೇ ಅಡಗಿದ್ದ ಇಂಗಾಲ ಇನ್ನೊಂದೆಡೆ. ಒಂದು ಟನ್ ಕ್ಲಿಂಕರಿಗೆ ಕಲ್ಲಿನಿಂದಲೇ ಅರ್ಧ ಟನ್ನಿಗೂ ಮಿಕ್ಕಿ ಇಂಗಾಲದ ಡೈಆಕ್ಸೈಡ್ ಏಳುತ್ತದೆ. ಒಲೆಗೆ ಬೇರೆ ಸೌದೆ ಹಾಕಿದರೆ ಇದು ನಿಲ್ಲದು. ಕ್ಲಿಂಕರನ್ನೇ ಕಡಿಮೆ ಬಳಸಬೇಕು.

ಅದು ಸಾಧ್ಯವೇ ಎನ್ನುವವರು ಕನ್ನಂಬಾಡಿಗೆ ಹೋಗಿ ನೋಡಲಿ. ಹುಣಸೂರು ದಾಟುವ ಲಕ್ಷ್ಮಣತೀರ್ಥ ಕಾವೇರಿಯನ್ನು ಕೂಡುವುದು ಆ ಕಟ್ಟೆಯ ಹಿನ್ನೀರಿನಲ್ಲೇ. 1911ರಲ್ಲಿ ಶುರುವಾದ ಅದರ ಕಲ್ಲುಗಳನ್ನು ಬೆಸೆದದ್ದು ಸುಣ್ಣ-ಸುರ್ಕಿಯ ಗಾರೆ. ಉರ್ದುವಿನಲ್ಲಿ ಸುರ್ಖ್ ಎಂದರೆ ಕೆಂಪು. ಸುರ್ಕಿ ಎಂದರೆ ಸುಟ್ಟ ಇಟ್ಟಿಗೆಯ ಪುಡಿ. ಹಳೆಯ ಗಾರೆಗೇ ಮರಳಬೇಕೆಂದಲ್ಲ. ಅದು ಬಿಗಿಯಲು ದಿನಗಳು ಬೇಕು, ಸುಣ್ಣ ಸುಡುವಾಗಲೂ ಇಂಗಾಲ ಏಳುತ್ತದೆ. ಆದರೆ ಸುಟ್ಟ ಜೇಡಿ ಸುಣ್ಣದೊಡನೆ ಕೂಡಿ ಕಲ್ಲಾಗುವ ಅದೇ ಗುಣವನ್ನು ನೆಚ್ಚಿ ಸ್ವಿಟ್ಜರ್ಲೆಂಡ್, ಕ್ಯೂಬಾ ಮತ್ತು ನಮ್ಮ ಐಐಟಿಗಳ ವಿಜ್ಞಾನಿಗಳು ‘ಎಲ್‌ಸಿ3’ ಎಂಬ ಸಿಮೆಂಟ್ ರೂಪಿಸಿದ್ದಾರೆ. ಅದರಲ್ಲಿ ಕ್ಲಿಂಕರ್ ಅರ್ಧದಷ್ಟೇ; ಉಳಿದದ್ದು ಸುಟ್ಟ ಜೇಡಿಮಣ್ಣು, ಸುಡದ ಸುಣ್ಣಕಲ್ಲಿನ ಪುಡಿ, ಜಿಪ್ಸಂ. ಇಂಗಾಲ ಶೇ. 30ರಿಂದ 40ರಷ್ಟು ಇಳಿಯುತ್ತದೆ. 2023ರಲ್ಲಿ ಇದಕ್ಕೆ ಭಾರತೀಯ ಮಾನಕವೂ ಬಂದಿದೆ.

ಗೋಡೆಗಂತೂ ಇಷ್ಟೂ ಬೇಡ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರ, ಮಣ್ಣಿಗೆ ತುಸು ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆಯೇ ಇಟ್ಟಿಗೆ ಮಾಡುವುದನ್ನು ಬೆಳೆಸಿತು. ಇಂದು ಬೆಂಗಳೂರಿನಲ್ಲಿ ಮಣ್ಣಿನ ಮನೆ ಅನುಕೂಲಸ್ಥರ ಅಭಿರುಚಿ. ಗಾವಡಗೆರೆಯಲ್ಲಿ ಅದೇ ಮಣ್ಣು ಬಡವರ ನಾಚಿಕೆ.

ಇಂಗಾಲ ಇಳಿಸುವ ಹೊಣೆ ಮೊದಲು ಖಾಲಾ ಅವರದಲ್ಲ. ಮೇಲ್ಸೇತುವೆ, ಬಹುಮಹಡಿ ಕಟ್ಟಿಸುವವರದು, ಸರ್ಕಾರಿ ಟೆಂಡರು ಬರೆಯುವವರದು. ಖಾಲಾ ತಾರಸಿ ಬೇಕೆಂದರೆ ಹಾಕಿಸಲಿ. ಆದರೆ ಗೋಡೆಗೆ ಮಣ್ಣೇ ಸಾಕು, ಅದೂ ಪಕ್ಕಾ ಎಂದು ಅವರಿಗೆ ಹೇಳುವ ಒಬ್ಬ ಎಂಜಿನಿಯರಾದರೂ ಆ ಹೋಬಳಿಗೆ ಬರಲಿ.